ಹೊಲದಲ್ಲಿ ಕಂಡ ಚೌಕ, ದಿಬ್ಬದ ಮೇಲಿನ ಚುಕ್ಕೆ: ಉಪಗ್ರಹ ಚಿತ್ರವನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಇತಿಹಾಸದಲ್ಲಿ ಆಸಕ್ತಿ ಇರುವುದರಿಂದ ಬಿಡುವಾದಾಗಲೆಲ್ಲ ಗೂಗಲ್ ಅರ್ಥ್ ತೆರೆದು ಹಳೆಯ ನೆಲೆಗಳನ್ನು ನೋಡುತ್ತಿರುತ್ತೇನೆ. ಪುರಾತನ ದಿಬ್ಬವೆಂದು ಮೊದಲೇ ದಾಖಲಾಗಿರುವ ಒಂದು ಜಾಗದ ಪಕ್ಕದ ಹೊಲಗಳಲ್ಲಿ ಸುಮಾರು 200 ಮೀಟರ್ ಬದಿಯ ಚೌಕದ ಗೆರೆಯೊಂದು ಕಾಣಿಸಿತು. ಕೆಲವು ವರ್ಷಗಳ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ, ಮತ್ತೆ ಕೆಲವು ವರ್ಷ ಸುಳಿವೇ ಇಲ್ಲ. ಇದು ಕೋಟೆಯೇ? ಇನ್ನೊಂದು ವಿಷಯ: ಹಳೆಯ ಚಿತ್ರಗಳಲ್ಲಿ ಇಲ್ಲದ ಕಪ್ಪು ಚುಕ್ಕೆಗಳು ಇತ್ತೀಚಿನ ಚಿತ್ರದಲ್ಲಿ ದಿಬ್ಬದ ಮೇಲೆ ಗುಂಪಾಗಿವೆ, ದಿಬ್ಬದ ಒಂದು ಅಂಚು ಚಾಕುವಿನಿಂದ ಕತ್ತರಿಸಿದಷ್ಟು ನೇರವಾಗಿದೆ. ಉಪಗ್ರಹಗಳು ನೆಲದೊಳಗೆ ನೂರಾರು ಮೀಟರ್ ನೋಡುತ್ತವೆ, ನಿಧಿಯನ್ನೂ ಪತ್ತೆ ಮಾಡುತ್ತವೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಕೃತಕ ಬುದ್ಧಿಮತ್ತೆಗೆ ಚಿತ್ರ ಕೊಟ್ಟು ಕೇಳು ಎನ್ನುತ್ತಾನೆ ಮಗ. ಜಾಗದ ಗುರುತಿನ ಸಮೇತ ಫೇಸ್‌ಬುಕ್‌ನಲ್ಲಿ ಹಾಕಿದರೆ ಸರ್ಕಾರ ಎಚ್ಚೆತ್ತುಕೊಳ್ಳುತ್ತದೆ ಎಂದು ಸ್ನೇಹಿತರ ಒತ್ತಾಯ. ಅದನ್ನು ಮೊದಲು ಓದುವವರು ಕಳ್ಳರೇ ಆಗಿಬಿಟ್ಟರೆ ಎಂಬುದು ನನ್ನ ಭಯ. ಇಷ್ಟೊಂದು ಉಪಗ್ರಹಗಳು ದಿನವೂ ತಲೆಯ ಮೇಲೆ ಹಾದುಹೋಗುತ್ತಿದ್ದರೂ ಇಂಥ ಹಾನಿಯನ್ನು ತಡೆಯಲಾಗುವುದಿಲ್ಲವೇಕೆ? ಇದನ್ನು ಮೊದಲು ಗುರುತಿಸಿದವನು ನಾನೆಂಬುದು ಎಲ್ಲಾದರೂ ದಾಖಲಾಗಲಿ ಎಂಬ ಸಣ್ಣ ಆಸೆಯೂ ಇದೆ, ಮುಚ್ಚಿಡುವುದಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ನಿಮಗೆ ಚೌಕದ ಬಗ್ಗೆ ಕುತೂಹಲ, ನನಗೆ ಚುಕ್ಕೆಗಳ ಬಗ್ಗೆ ಆತಂಕ. ಚೌಕ ಅಲ್ಲಿ ನಿಜವಾಗಿಯೂ ಇದ್ದರೆ ಇನ್ನೂ ಕೆಲವು ವರ್ಷ ಕಾಯುತ್ತದೆ. ಚುಕ್ಕೆಗಳ ವಿಚಾರ ಈ ವಾರವೇ ಆಗಬೇಕಾದದ್ದು. ಫೇಸ್‌ಬುಕ್‌ನಲ್ಲಿ ಸದ್ಯ ಏನನ್ನೂ ಹಾಕಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ನೆಲದೊಳಗೆ ನೋಡುವ ಮಾತು. ನೀವು ಗೂಗಲ್ ಅರ್ಥ್‌ನಲ್ಲಿ ನೋಡುತ್ತಿರುವುದು ಕ್ಯಾಮೆರಾ ತೆಗೆದ ಚಿತ್ರ. ಅದು ನೆಲದ ಮೇಲ್ಮೈಯನ್ನು, ಮೇಲ್ಮೈಯ ಮೇಲೆ ಬೆಳೆದದ್ದನ್ನು ಮಾತ್ರ ನೋಡುತ್ತದೆ. ಒಂದು ಗೇಣು ಮಣ್ಣಿನ ಕೆಳಗಿರುವುದೂ ಅದಕ್ಕೆ ಕಾಣದು. ಹಾಗಿದ್ದರೂ ಈ ಕಥೆ ಎಲ್ಲಿಂದ ಬಂತು ಎಂದರೆ, ಅದರ ಬೇರು ಒಂದು ನಿಜವಾದ ಶೋಧದಲ್ಲಿದೆ. 1981ರ ನವೆಂಬರ್‌ನಲ್ಲಿ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಸುಮಾರು 23 ಸೆಂಟಿಮೀಟರ್ ತರಂಗಾಂತರದ ರೇಡಾರ್ ಒಂದನ್ನು ಹೊತ್ತೊಯ್ದಿತ್ತು. ಈಜಿಪ್ಟ್ ಮತ್ತು ಸುಡಾನ್ ಗಡಿಯ ಸಹಾರಾ ಮರುಭೂಮಿಯ ಮೇಲೆ ಅದು ಹಾದುಹೋದಾಗ, ಮರಳಿನ ಅಡಿಯಲ್ಲಿ ಹೂತುಹೋಗಿದ್ದ ಪ್ರಾಚೀನ ನದಿಗಳ ಪಾತ್ರಗಳು ಚಿತ್ರದಲ್ಲಿ ಮೂಡಿದವು. ವಿಜ್ಞಾನಿಗಳೇ ಬೆರಗಾದರು. ಆದರೆ ರೇಡಾರ್ ತೂರಿದ್ದು ಒಂದೆರಡು ಮೀಟರ್ ಮರಳನ್ನು ಅಷ್ಟೇ. ಅದೂ ವರ್ಷಗಟ್ಟಲೆ ಮಳೆ ಕಾಣದ, ನಯವಾದ, ಪೂರ್ತಿ ಒಣಗಿದ ಮರಳು. ಮಣ್ಣಿನಲ್ಲಿ ತೇವಾಂಶ ಸೇರಿದ ಕೂಡಲೇ ಈ ಆಟ ನಿಂತುಹೋಗುತ್ತದೆ. ಬೇಸಾಯದ ನೆಲದಲ್ಲಂತೂ ಕೇಳುವುದೇ ಬೇಡ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ತರಂಗ ಇನ್ನೂ ಚಿಕ್ಕದು, ಸುಮಾರು 5.6 ಸೆಂಟಿಮೀಟರ್, ಹಾಗಾಗಿ ಅದರ ತೂರುವ ಶಕ್ತಿಯೂ ಕಡಿಮೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ ಮತ್ತೆ ಉದ್ದ ತರಂಗದ ರೇಡಾರ್ ಇದೆ. ಮರುಭೂಮಿಯ ಅಧ್ಯಯನಕ್ಕೆ ಅದರಿಂದ ನನಗೆ ತುಂಬಾ ನಿರೀಕ್ಷೆ ಇದೆ, ಆದರೆ ಭೌತವಿಜ್ಞಾನದ ಮಿತಿ ಅದಕ್ಕೂ ಅನ್ವಯಿಸುತ್ತದೆ.

ನೀವು ನೋಡಿದ ವಿಡಿಯೊ ಬಹುಶಃ 2025ರ ಮಾರ್ಚ್‌ನಲ್ಲಿ ಹರಿದಾಡಿದ ಸುದ್ದಿಯದು: ಗೀಜಾದ ಖಫ್ರೆ ಪಿರಮಿಡ್ಡಿನ ಅಡಿಯಲ್ಲಿ 600 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುವ ಬೃಹತ್ ಕಂಬಗಳು ರೇಡಾರ್ ದತ್ತಾಂಶದಲ್ಲಿ ಕಂಡವು ಎಂಬುದು. ಈಜಿಪ್ಟ್ ಪುರಾತತ್ತ್ವದ ಪ್ರಮುಖರಾದ ಜಾಹಿ ಹವಾಸ್ ಅದನ್ನು ಸಾರಾಸಗಟಾಗಿ ತಳ್ಳಿಹಾಕಿದರು. ರೇಡಾರ್ ಬಲ್ಲವರೂ ಒಪ್ಪಲಿಲ್ಲ. ಸುಣ್ಣಕಲ್ಲಿನ ಬಂಡೆಯನ್ನು ನೂರಾರು ಮೀಟರ್ ತೂರಿ ನೋಡುವ ಉಪಗ್ರಹ ಯಾವುದೂ ಇಲ್ಲ. ನಿಧಿ ತೋರಿಸುವ ಉಪಗ್ರಹವೂ ಇಲ್ಲ. ಅಂಥದ್ದಿದೆ ಎಂದು ಹಣ ಕೇಳುವವರಿದ್ದಾರೆ, ಅವರಿಂದ ದೂರವಿರಿ.

ಇದರ ಜೊತೆಗೇ ಓಡಾಡುವ ಇನ್ನೊಂದು ತಪ್ಪು ಕಲ್ಪನೆ ಕಾಡಿನದು. ಗ್ವಾಟೆಮಾಲಾದ ದಟ್ಟ ಕಾಡಿನ 2,144 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮಾಯಾ ನಾಗರಿಕತೆಯ 60,000ಕ್ಕೂ ಹೆಚ್ಚು ಕಟ್ಟಡಗಳ ಕುರುಹು ಸಿಕ್ಕಿದ್ದು 2018ರಲ್ಲಿ ದೊಡ್ಡ ಸುದ್ದಿಯಾಯಿತು. ಎಷ್ಟೋ ಕಡೆ ಅದನ್ನು ಉಪಗ್ರಹದ ಸಾಧನೆ ಎಂದೇ ಬರೆದರು. ಅದು ವಿಮಾನದಿಂದ ಮಾಡಿದ ಲೈಡಾರ್ ಸಮೀಕ್ಷೆ. ಲೇಸರ್ ಕಿರಣಗಳು ಎಲೆಗಳ ಸಂದಿನಿಂದ ನುಸುಳಿ ನೆಲ ಮುಟ್ಟಿ ವಾಪಸಾಗುತ್ತವೆ, ಹಾಗೆ ವಾಪಸಾದವನ್ನಷ್ಟೇ ಆಯ್ದು ನೆಲದ ಏರುತಗ್ಗಿನ ನಕ್ಷೆ ಮಾಡುತ್ತಾರೆ. ಬಾಹ್ಯಾಕಾಶದಿಂದ ಅಷ್ಟು ಸೂಕ್ಷ್ಮವಾಗಿ ಇದನ್ನು ಮಾಡುವ ಉಪಕರಣ ಇವತ್ತಿಗೂ ಇಲ್ಲ.

ಹಾಗಾದರೆ ನಿಮ್ಮ ಚೌಕ ಕಂಡದ್ದು ಹೇಗೆ? ಅದನ್ನು ತೋರಿಸಿದ್ದು ಪೈರು. ನೆಲದ ಕೆಳಗೆ ಹಳೆಯ ಗೋಡೆಯ ತಳಪಾಯ ಇದ್ದರೆ ಅದರ ಮೇಲಿನ ಮಣ್ಣಿನ ಪದರ ತೆಳುವಾಗಿರುತ್ತದೆ. ಬೇರು ಆಳಕ್ಕೆ ಇಳಿಯಲಾರದೆ, ನೀರು ಸಾಲದೆ ಅಲ್ಲಿನ ಪೈರು ಗಿಡ್ಡಗಾಗಿ ಬೇಗ ಹಳದಿ ತಿರುಗುತ್ತದೆ. ಗೋಡೆಯ ಬದಲು ಮುಚ್ಚಿಹೋದ ಕಂದಕ ಇದ್ದರೆ ಇದಕ್ಕೆ ವಿರುದ್ಧ: ಅಲ್ಲಿ ತುಂಬಿಕೊಂಡ ಸಡಿಲ ಮಣ್ಣು ತೇವವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ, ಸುತ್ತಲಿನ ಪೈರು ಒಣಗಿದ ಮೇಲೂ ಆ ಸಾಲು ಹಸಿರಾಗಿ ಉಳಿಯುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲ ಕಡೆಯೂ ನೀರು ಸಾಕಷ್ಟಿರುವುದರಿಂದ ವ್ಯತ್ಯಾಸ ಅಳಿಸಿಹೋಗುತ್ತದೆ. ಬರಗಾಲದಲ್ಲಿ ರೈತನಿಗೆ ನಷ್ಟ, ನಮ್ಮಂಥವರಿಗೆ ಲಾಭ ಎಂಬುದು ಈ ವೃತ್ತಿಯ ಕಹಿ ಸತ್ಯ. 2018ರ ಬೇಸಿಗೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಹೊಲಗಳು ಒಣಗಿದಾಗ ಎಷ್ಟೋ ಅಜ್ಞಾತ ನೆಲೆಗಳು ಹೀಗೆ ಮೇಲೆದ್ದವು. ಐರ್ಲೆಂಡಿನ ನ್ಯೂಗ್ರೇಂಜ್ ಬಳಿ ಪ್ರಾಚೀನ ಕಾಲದ ದೊಡ್ಡದೊಂದು ವೃತ್ತಾಕಾರದ ಆವರಣ ಡ್ರೋನ್ ಹಾರಿಸುತ್ತಿದ್ದವರ ಕಣ್ಣಿಗೆ ಬಿತ್ತು. ಬೇಸಾಯವಿಲ್ಲದ ಬಯಲಲ್ಲಿ ಈ ಕೆಲಸವನ್ನು ಮಣ್ಣಿನ ಬಣ್ಣ ಮಾಡುತ್ತದೆ. ಶತಮಾನಗಳ ಕಾಲ ಜನ ಬಾಳಿದ ಜಾಗದಲ್ಲಿ ಕರಗಿದ ಹಸಿ ಇಟ್ಟಿಗೆ, ಬೂದಿ, ಕಸ ಎಲ್ಲ ಬೆರೆತು ಮಣ್ಣಿನ ಗುಣವೇ ಬದಲಾಗಿರುತ್ತದೆ. ಈಶಾನ್ಯ ಸಿರಿಯಾದ 23,000 ಚದರ ಕಿಲೋಮೀಟರ್ ಪ್ರದೇಶದಲ್ಲಿ 14,000ಕ್ಕೂ ಹೆಚ್ಚು ವಸತಿ ನೆಲೆಗಳನ್ನು ಸಂಶೋಧಕರಾದ ಬ್ಯೋರ್ನ್ ಮೆಂಜೆ ಮತ್ತು ಜೇಸನ್ ಉರ್ 2012ರಲ್ಲಿ ನಕ್ಷೆಗೆ ತಂದದ್ದು ಮುಖ್ಯವಾಗಿ ಈ ಬದಲಾದ ಮಣ್ಣಿನ ಜಾಡು ಹಿಡಿದೇ.

ಆದ್ದರಿಂದ ಕೆಲವು ವರ್ಷ ಕಂಡು ಕೆಲವು ವರ್ಷ ಮರೆಯಾಗುವ ನಿಮ್ಮ ಚೌಕದ ಕೆಳಗೆ ಏನೋ ಇರುವ ಸಂಭವ ಹೆಚ್ಚು. ಆದರೆ ಆ ‘ಏನೋ’ ಎಷ್ಟು ಹಳೆಯದು ಎಂಬುದನ್ನು ಚಿತ್ರ ಹೇಳುವುದಿಲ್ಲ. ಜನ ಎಡವುವುದು ಇಲ್ಲೇ. ಕಳೆದ ಶತಮಾನದಲ್ಲಿ ಕೆಡವಿದ ದನದ ದೊಡ್ಡಿ, ಕೈಬಿಟ್ಟ ಹೊಲದ ಬದು, ಹೂತಿಟ್ಟ ನೀರಿನ ಕೊಳವೆ, ಸೈನ್ಯದ ಹಳೆಯ ಬಿಡಾರ, ಇವೆಲ್ಲವೂ ಪೈರಿನಲ್ಲಿ ಅಷ್ಟೇ ಅಚ್ಚುಕಟ್ಟಾದ ಗೆರೆ ಮೂಡಿಸುತ್ತವೆ. ಗೆರೆ ನೇರವಾಗಿದ್ದಷ್ಟೂ ಕೋಟೆ ಇರಬೇಕು ಎಂದು ಮನಸ್ಸು ಹೇಳುತ್ತದೆ, ನನಗೆ ಮಾತ್ರ ಅನುಮಾನ ಹೆಚ್ಚುತ್ತದೆ.

2015ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಪಾಯಿಂಟ್ ರೋಸಿ ಎಂಬಲ್ಲಿ, ಉಪಗ್ರಹ ಚಿತ್ರದ ಸುಳಿವು ಹಿಡಿದು ವೈಕಿಂಗರ (ಉತ್ತರ ಯುರೋಪಿನ ಹಳೆಯ ಕಾಲದ ಕಡಲಯಾನಿಗಳ) ನೆಲೆ ಇರಬಹುದೆಂದು ಅಗೆದರು. ತಂಡದ ನೇತೃತ್ವ ವಹಿಸಿದ್ದ ಸಾರಾ ಪಾರ್ಕಕ್ ಈ ಕ್ಷೇತ್ರದ ಬಹು ದೊಡ್ಡ ಹೆಸರು. ಮರುವರ್ಷವೂ ಅಗೆದ ಮೇಲೆ ವೈಕಿಂಗರಿಗೆ ಸಂಬಂಧಿಸಿದ ಯಾವ ಕುರುಹೂ ಇಲ್ಲವೆಂದು ತೀರ್ಮಾನವಾಯಿತು. ಇದನ್ನು ವೈಫಲ್ಯ ಎನ್ನಲು ನನಗೆ ಮನಸ್ಸಿಲ್ಲ. ಅನುಮಾನ ಬಂತು, ನೆಲಕ್ಕಿಳಿದು ಪರೀಕ್ಷಿಸಿದರು, ಅಲ್ಲವೆಂದು ಪ್ರಕಟಿಸಿದರು. ಸರಿಯಾದ ದಾರಿಯೇ ಅದು. ಅದೇ 2016ರಲ್ಲಿ ಕೆನಡಾದ ಶಾಲಾ ಬಾಲಕನೊಬ್ಬ ನಕ್ಷತ್ರಪುಂಜಗಳ ಲೆಕ್ಕ ಹಾಕಿ ಮಾಯಾ ನಗರವೊಂದನ್ನು ಉಪಗ್ರಹ ಚಿತ್ರದಲ್ಲಿ ಕಂಡುಹಿಡಿದನೆಂಬ ಸುದ್ದಿ ಪ್ರಪಂಚ ಸುತ್ತಿತು. ಅವನು ತೋರಿಸಿದ ಚೌಕ ಪಾಳುಬಿದ್ದ ಹೊಲದಂತಿದೆ ಎಂದು ಆ ಕಾಡನ್ನು ಬಲ್ಲವರು ಹೇಳುವ ಹೊತ್ತಿಗೆ ತಡವಾಗಿತ್ತು.

ಕಾಲದ ವಿಚಾರದಲ್ಲಿ ಇನ್ನೂ ಬೋಧಪ್ರದವಾದದ್ದು ಘಗ್ಗರ್–ಹಕ್ರಾ ಪಾತ್ರದ ಕಥೆ. ವಾಯವ್ಯ ಭಾರತ ಮತ್ತು ಪಾಕಿಸ್ತಾನದ ಒಣ ಬಯಲಿನಲ್ಲಿ ಹಳೆಯ ನದಿಪಾತ್ರವೊಂದು ಉಪಗ್ರಹ ಚಿತ್ರಗಳಲ್ಲಿ ಸ್ಪಷ್ಟವಾಗಿದೆ, ಅದರ ದಂಡೆಯುದ್ದಕ್ಕೂ ಹರಪ್ಪಾ ಕಾಲದ ನೆಲೆಗಳಿವೆ. ಎರಡನ್ನೂ ಕೂಡಿಸಿ, ಹಿಮಾಲಯದ ಮಹಾನದಿಯೊಂದು ಆ ನಗರಗಳ ಕಾಲದಲ್ಲಿ ಅಲ್ಲಿ ಭೋರ್ಗರೆಯುತ್ತಿತ್ತು ಎಂದು ಬಹುಮಂದಿ ನಂಬಿದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಾತ್ರದಲ್ಲಿ ಕೊಳವೆ ಕೊರೆದು ಮರಳಿನ ಕಾಲವನ್ನು ಅಳೆದಾಗ ಬೇರೆಯದೇ ಚಿತ್ರ ಸಿಕ್ಕಿತು. ಅಲ್ಲಿ ಹರಿಯುತ್ತಿದ್ದ ಸಟ್ಲೆಜ್ ಸುಮಾರು 8,000 ವರ್ಷಗಳ ಹಿಂದೆಯೇ ದಿಕ್ಕು ಬದಲಿಸಿತ್ತು. ನಗರಗಳು ಬೆಳೆದದ್ದು ಅದಾಗಿ ಸಾವಿರಾರು ವರ್ಷಗಳ ಮೇಲೆ, ಮಹಾನದಿ ಬಿಟ್ಟುಹೋದ ತಗ್ಗಿನಲ್ಲಿ. ಚಿತ್ರ ಸುಳ್ಳು ಹೇಳಿರಲಿಲ್ಲ. ಪಾತ್ರ ಇದ್ದದ್ದು ನಿಜ. ಯಾವಾಗ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅದರ ಕೈಲಾಗದ ಕೆಲಸ.

ನೀವು ಮನೆಯಲ್ಲಿ ಕುಳಿತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. 1960ರಿಂದ 1972ರವರೆಗೆ ಅಮೆರಿಕ ‘ಕೊರೋನಾ’ ಎಂಬ ಗೂಢಚಾರಿ ಉಪಗ್ರಹಗಳನ್ನು ಹಾರಿಸುತ್ತಿತ್ತು. ಫಿಲ್ಮ್ ಸುರುಳಿಯನ್ನು ಡಬ್ಬಿಯಲ್ಲಿಟ್ಟು ಕೆಳಗೆ ಬಿಡುವುದು, ಪ್ಯಾರಾಚೂಟಿನಲ್ಲಿ ಇಳಿಯುವ ಆ ಡಬ್ಬಿಯನ್ನು ವಿಮಾನ ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುವುದು, ಹೀಗಿತ್ತು ವ್ಯವಸ್ಥೆ. 1995ರಲ್ಲಿ ಆ 8 ಲಕ್ಷಕ್ಕೂ ಹೆಚ್ಚು ಚಿತ್ರಗಳ ಗೋಪ್ಯತೆಯನ್ನು ತೆಗೆದುಹಾಕಿದರು. ಕೊನೆಯ ಸರಣಿಯ ಕ್ಯಾಮೆರಾಗಳು ಸುಮಾರು 1.8 ಮೀಟರ್‌ನಷ್ಟು ಸೂಕ್ಷ್ಮ ವಿವರ ತೋರಿಸುತ್ತವೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಸ್ಕ್ಯಾನ್ ಆಗಿರುವ ಚಿತ್ರಗಳು ಉಚಿತ. ಟ್ರ್ಯಾಕ್ಟರ್, ನೀರಾವರಿ, ದೊಡ್ಡ ಅಣೆಕಟ್ಟುಗಳು ನೆಲದ ಮುಖವನ್ನೇ ಬದಲಿಸುವ ಮುಂಚಿನ ಭೂಮಿ ಅವುಗಳಲ್ಲಿದೆ. ಯೂಫ್ರಟಿಸ್ ಮತ್ತು ಟೈಗ್ರಿಸ್ ಕಣಿವೆಗಳಲ್ಲಿ ಜಲಾಶಯಗಳಡಿ ಮುಳುಗಿದ ಎಷ್ಟೋ ನೆಲೆಗಳಿಗೆ ಇವತ್ತು ಉಳಿದಿರುವ ದಾಖಲೆ ಈ ಕಪ್ಪು–ಬಿಳುಪು ಸುರುಳಿಗಳೇ. ನಿಮ್ಮ ಜಾಗದ ಕೊರೋನಾ ಚಿತ್ರ ಸಿಕ್ಕರೆ ಚೌಕ ಅಲ್ಲಿ ಹೇಗಿತ್ತು ನೋಡಿ. ಆಗ ಅದೊಂದು ದೊಡ್ಡಿಯೋ ತೋಟದ ಬೇಲಿಯೋ ಆಗಿ ಕಂಡರೆ ಕೋಟೆಯ ಕನಸು ಅಲ್ಲಿಗೆ ಮುಗಿಯಿತು. ಆಗಲೂ ಮಸುಕಾದ ಗೆರೆಯಾಗಿಯೇ ಇದ್ದು, ಅಂದಿನ ಹೊಲಗಳ ಬದುಗಳಿಗೆ ಲೆಕ್ಕಿಸದೆ ಅಡ್ಡಹಾಯ್ದು ಹೋಗಿದ್ದರೆ ಅದು ಆ ಬದುಗಳಿಗಿಂತ ಹಳೆಯದಿರಬಹುದು. ಅಷ್ಟಕ್ಕೇ ನಿಲ್ಲಿ. ಮುಂದಿನದು ನೆಲದ ಮೇಲೆ ಬೋಕಿ ಚೂರುಗಳನ್ನು ಗುರುತಿಸಬಲ್ಲವರ, ಮಣ್ಣಿನ ಕಾಂತೀಯತೆ ಅಳೆಯುವವರ, ಕಡೆಗೆ ಉತ್ಖನನ ಮಾಡುವವರ ಕೆಲಸ.

ಈಗ ಚುಕ್ಕೆಗಳಿಗೆ ಬರೋಣ.

ಕಪ್ಪು ಚುಕ್ಕೆ ಎಂದರೆ ಗುಂಡಿಯೇ ಆಗಬೇಕಿಲ್ಲ. ಪೊದೆ, ಹುಲ್ಲಿನ ಬಣವೆ, ಗೊಬ್ಬರದ ಗುಡ್ಡೆ ಎಲ್ಲವೂ ಮೇಲಿನಿಂದ ಹಾಗೇ ಕಾಣುತ್ತವೆ. ನೆರಳನ್ನು ಓದಲು ಕಲಿಯಬೇಕು. ಇಂಥ ಉಪಗ್ರಹಗಳಲ್ಲಿ ಹೆಚ್ಚಿನವು ಸ್ಥಳೀಯ ಕಾಲಮಾನ ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಹಾದುಹೋಗುತ್ತವೆ. ಉತ್ತರಾರ್ಧಗೋಳದ ಹೆಚ್ಚಿನ ಚಿತ್ರಗಳಲ್ಲಿ ಆಗ ಬೆಳಕು ಆಗ್ನೇಯದಿಂದ, ಅಂದರೆ ಚಿತ್ರದ ಕೆಳಗಿನ ಬಲಮೂಲೆಯಿಂದ ಬರುತ್ತದೆ. ಎದ್ದು ನಿಂತ ವಸ್ತುವಿನ ನೆರಳು ಸೂರ್ಯನಿಗೆ ವಿರುದ್ಧವಾಗಿ ಮೇಲಿನ ಎಡಕ್ಕೆ ಚಾಚುತ್ತದೆ. ಗುಂಡಿಯದು ತಿರುವುಮುರುವು: ಸೂರ್ಯನ ಕಡೆಯ ಗೋಡೆಯೇ ಒಳಗೆ ನೆರಳು ಬೀಳಿಸುವುದರಿಂದ ಕಪ್ಪು ಇರುವುದು ಕೆಳಗಿನ ಬಲಭಾಗದ ಒಳಅಂಚಿನಲ್ಲಿ, ಎದುರಿನ ಗೋಡೆ ಬಿಸಿಲಿಗೆ ಬೆಳ್ಳಗಿರುತ್ತದೆ. ಇಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ಅದು ನಂಬಿರುವುದರಿಂದ, ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ಗುಂಡಿ ಗುಡ್ಡೆಯಾಗಿ, ದಿಬ್ಬ ಹಳ್ಳವಾಗಿ ಕಾಣುತ್ತದೆ. ಪರಿಹಾರ ಸುಲಭ. ಚಿತ್ರವನ್ನು ತಲೆಕೆಳಗಾಗಿ ತಿರುಗಿಸಿ ನೋಡಿ. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದೇ ಇದನ್ನು.

ಎರಡನೆಯ ಗುರುತು ಮಣ್ಣಿನ ಬಳೆ. ಕದ್ದು ಅಗೆಯುವವರು ಮಣ್ಣನ್ನು ದೂರ ಸಾಗಿಸುವುದಿಲ್ಲ, ಗುಂಡಿಯ ಬಾಯಿಯ ಸುತ್ತಲೇ ಎಸೆಯುತ್ತಾರೆ. ಹೊಸ ಗುಂಡಿಯ ಸುತ್ತ ತಿಳಿಬಣ್ಣದ ಸ್ಪಷ್ಟ ಉಂಗುರ ಇರುತ್ತದೆ. ಒಂದೆರಡು ಮಳೆಗಾಲ ಕಳೆದರೆ ಉಂಗುರ ಕರಗಿ, ಅಂಚು ಮೊಂಡಾಗಿ, ಗುಂಡಿಯೊಳಗೆ ಹುಲ್ಲು ಬೆಳೆಯುತ್ತದೆ. ಹಾಗಾಗಿ ಒಂದೇ ಚಿತ್ರದಲ್ಲಿ ಹಳೆಯ ಗುಂಡಿ ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಬಹುದು. ಪೊದೆಗಳಿಗೆ ಈ ಬಳೆ ಇರುವುದಿಲ್ಲ. ಗುಂಡಿಗಳು ಒಂದನ್ನೊಂದು ಮುಟ್ಟುವಷ್ಟು ಒತ್ತಾಗಿದ್ದರೆ, ಅಗೆದವರಿಗೆ ಅಲ್ಲಿ ಮಾರಬಹುದಾದದ್ದು ಏನೋ ಸಿಕ್ಕಿದೆ, ಅದಕ್ಕೇ ಮರಳಿ ಬಂದಿದ್ದಾರೆ ಎಂದರ್ಥ. ಸಿರಿಯಾದ ಅಪಾಮಿಯಾ ನಗರದ 2011ರ ಜುಲೈ ಮತ್ತು 2012ರ ಏಪ್ರಿಲ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಇದು ಕಣ್ಣಿಗೆ ರಾಚುತ್ತದೆ. ಮೊದಲನೆಯದರಲ್ಲಿ ನಯವಾಗಿದ್ದ ನೆಲ ಒಂಬತ್ತು ತಿಂಗಳಲ್ಲಿ ಸಿಡುಬು ಬಡಿದ ಮುಖವಾಗಿತ್ತು.

ಇಂಥ ಹೋಲಿಕೆಯಿಂದ ಹೊರಬಂದ ತಿಳಿವಳಿಕೆ ಎಷ್ಟೋ ಸಲ ರೂಢಿಯ ಮಾತಿಗೆ ವಿರುದ್ಧವಾಗಿರುತ್ತದೆ. ಈಜಿಪ್ಟಿನಲ್ಲಿ ಲೂಟಿ ಹೆಚ್ಚಿದ್ದು 2011ರ ಕ್ರಾಂತಿಯ ಗಲಭೆಯಿಂದ ಎಂದು ಎಲ್ಲರೂ ಹೇಳುತ್ತಿದ್ದರು. 2002ರಿಂದ 2013ರವರೆಗಿನ ಚಿತ್ರಗಳನ್ನು ಪಾರ್ಕಕ್ ತಂಡ ಪರಿಶೀಲಿಸಿದಾಗ ಏರಿಕೆ ಶುರುವಾದದ್ದು 2009ರಲ್ಲಿ, ಜಾಗತಿಕ ಆರ್ಥಿಕ ಕುಸಿತದ ಹೊತ್ತಿನಲ್ಲಿ ಎಂದು ತಿಳಿಯಿತು. ಕ್ರಾಂತಿ ಅದನ್ನು ಇನ್ನಷ್ಟು ಹೆಚ್ಚಿಸಿತು. ಸಿರಿಯಾದಲ್ಲಿ ಐಸಿಸ್ ಮಾತ್ರ ಲೂಟಿ ಮಾಡುತ್ತಿದೆ ಎಂಬ ಭಾವನೆ ಇತ್ತು. ಎಲ್ಲ ಬಣಗಳ ಹಿಡಿತದ ಪ್ರದೇಶಗಳಲ್ಲೂ ಲೂಟಿ ನಡೆದಿದೆ, ಐಸಿಸ್ ಪ್ರದೇಶದಲ್ಲಿ ಅದರ ತೀವ್ರತೆ ಹೆಚ್ಚು ಎಂದು ಪುರಾತತ್ತ್ವಜ್ಞ ಜೆಸ್ಸಿ ಕಸಾನಾ ಚಿತ್ರಗಳ ಆಧಾರದಿಂದ ತೋರಿಸಿದರು. ಉಪಗ್ರಹದ ನಿಜವಾದ ಬಲ ಇದೇ. ಆಳವನ್ನು ಅದು ನೋಡಲಾರದು, ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸವನ್ನು ಅದರಷ್ಟು ನಿಷ್ಪಕ್ಷಪಾತವಾಗಿ ಬೇರೆ ಯಾರೂ ಹೇಳಲಾರರು.

ನಿಮ್ಮ ದಿಬ್ಬದ ನೇರ ಅಂಚಿನ ಬಗ್ಗೆ: ಇದು ನಿಧಿಗಳ್ಳರ ಕೆಲಸವಲ್ಲ. ಹೊಲ ವಿಸ್ತರಿಸಲು ಅಥವಾ ಮಣ್ಣು ಸಾಗಿಸಲು ಜೆಸಿಬಿ ಇಳಿಸಿರಬೇಕು. ದಿಬ್ಬದ ಮಣ್ಣು ಫಲವತ್ತಾದದ್ದು ಎಂಬುದು ರೈತರಿಗೆ ಎಲ್ಲ ಕಡೆಯೂ ಗೊತ್ತು. ಲೂಟಿಗೆ ಸಿಗುವ ಪ್ರಚಾರ ಇದಕ್ಕೆ ಸಿಗುವುದಿಲ್ಲ, ಆದರೆ ನನ್ನ ಅನುಭವದಲ್ಲಿ ನೆಲೆಗಳನ್ನು ನುಂಗುವುದು ಹೆಚ್ಚಾಗಿ ಇದೇ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದ ನೆಲೆಗಳ ಮೇಲೆ 2015ರಿಂದ ನಿಗಾ ಇಟ್ಟಿರುವ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಈಮಿನಾ ಯೋಜನೆಯವರೂ ಬೇಸಾಯ ಮತ್ತು ಕಟ್ಟಡ ನಿರ್ಮಾಣವನ್ನೇ ಮುಂಚೂಣಿಯ ಅಪಾಯಗಳಾಗಿ ಗುರುತಿಸಿದ್ದಾರೆ. ನಿಧಿಗಳ್ಳ ಗುಂಡಿ ತೋಡಿದರೆ ಗುಂಡಿಗಳ ನಡುವಿನ ಪದರಗಳಾದರೂ ಉಳಿಯುತ್ತವೆ. ಯಂತ್ರ ಸವರಿದ ಕಡೆ ಏನೂ ಉಳಿಯುವುದಿಲ್ಲ.

ಮಗನ ಸಲಹೆಯ ಬಗ್ಗೆ ಎರಡು ಮಾತು. ಕೃತಕ ಬುದ್ಧಿಮತ್ತೆ ನಿಜಕ್ಕೂ ಕೆಲಸಕ್ಕೆ ಬರುತ್ತಿದೆ. ಪೆರುವಿನ ನಾಜ್ಕಾ ಬಯಲಿನಲ್ಲಿ ಅದರ ನೆರವಿನಿಂದ 303 ಹೊಸ ನೆಲಚಿತ್ರಗಳು (ನೆಲದ ಮೇಲೆ ಪ್ರಾಚೀನರು ಮೂಡಿಸಿದ ದೊಡ್ಡ ಚಿತ್ರಗಳು) ಸಿಕ್ಕವೆಂದು 2024ರಲ್ಲಿ ಪ್ರಕಟವಾಯಿತು. ಪಾಕಿಸ್ತಾನದ ಚೋಲಿಸ್ತಾನ್ ಮರುಭೂಮಿಯಲ್ಲಿ ಹರಪ್ಪಾ ಕಾಲದ ದಿಬ್ಬಗಳ ಹುಡುಕಾಟಕ್ಕೂ ಯಂತ್ರಕಲಿಕೆಯನ್ನು ಬಳಸಿದ್ದಾರೆ. ಎರಡೂ ಕಡೆ ಆಯಾ ಪ್ರದೇಶದ ಗೊತ್ತಿರುವ ಉದಾಹರಣೆಗಳಿಂದ ಯಂತ್ರಕ್ಕೆ ತರಬೇತಿ ಕೊಟ್ಟಿದ್ದರು, ಅದು ತೋರಿಸಿದ್ದನ್ನು ಮನುಷ್ಯರು ಕುಳಿತು ಜಾಲಾಡಿದರು. ಒಂದು ಕಡೆಯ ಸೂತ್ರ ಇನ್ನೊಂದು ಕಡೆ ನಡೆಯುವುದಿಲ್ಲ. ಗ್ವಾಟೆಮಾಲಾದ ಸಾನ್ ಬಾರ್ತೊಲೊ ಸುತ್ತಮುತ್ತ ಮಾಯಾ ಅವಶೇಷಗಳ ಮೇಲಿನ ಮರಗಳ ಎಲೆಬಣ್ಣ ಭಿನ್ನವಾಗಿದೆ ಎಂದು ಕಂಡುಕೊಂಡು ಅದನ್ನೇ ಬೇರೆಡೆಗೆ ಅನ್ವಯಿಸಹೋದವರಿಗೆ ಅದು ಕೈಕೊಟ್ಟಿತು. ಸಾಮಾನ್ಯ ಚಾಟ್‌ಬಾಟ್‌ಗೆ ನಿಮ್ಮ ಚಿತ್ರ ಕೊಟ್ಟರೆ ಅದು ನಿಮಗೆ ಬೇಕಾದ ಉತ್ತರವನ್ನೇ ಕೊಡುವ ಅಪಾಯವಿದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಯಾರಿಗೆ ಹೇಳುವುದು, ಹೇಗೆ ಹೇಳುವುದು?

ಗುರುತಿನ ಸಮೇತ ಸಾರ್ವಜನಿಕವಾಗಿ ಹಾಕುವುದು ಒಂದು ದಾರಿ. ಸದ್ದಾಗುತ್ತದೆ, ನಿಜ. ಆದರೆ ನಿಮ್ಮ ಭಯಕ್ಕೆ ಪೂರ್ತಿ ಆಧಾರವಿದೆ. ನೀವು ನೋಡುವ ಉಚಿತ ಚಿತ್ರಗಳನ್ನೇ ಕಳ್ಳರೂ ನೋಡುತ್ತಾರೆ, ಅವರಿಗೆ ಕೊರತೆ ಇರುವುದು ಎಲ್ಲಿ ನೋಡಬೇಕು ಎಂಬುದರದ್ದು ಮಾತ್ರ. ಅದನ್ನು ನೀವು ಒದಗಿಸುತ್ತೀರಿ. ಇನ್ನೊಂದು ಅಪಾಯ ಜನರ ಗಮನಕ್ಕೆ ಬರುವುದಿಲ್ಲ. ಹೊಲದ ಒಡೆಯರಿಗೆ ‘ಇಲ್ಲಿ ಕೋಟೆ ಸಿಕ್ಕಿದೆಯಂತೆ’ ಎಂಬ ಸುದ್ದಿ ಫೇಸ್‌ಬುಕ್ ಮೂಲಕ ತಲುಪಿದರೆ, ಜಮೀನು ಕೈತಪ್ಪೀತು ಎಂಬ ಹೆದರಿಕೆಯಿಂದ ರಾತ್ರೋರಾತ್ರಿ ಸಮತಟ್ಟು ಮಾಡಿಬಿಡುವುದುಂಟು. ಅವರನ್ನು ಪೂರ್ತಿ ದೂರಲೂ ಆಗದು, ಆ ಹೆದರಿಕೆಯನ್ನು ಯಾರೂ ಮೊದಲೇ ಹೋಗಿ ನಿವಾರಿಸಿರುವುದಿಲ್ಲ. 2017ರಲ್ಲಿ ಪೆರುವಿನ ಚಿತ್ರಗಳೊಂದಿಗೆ ಶುರುವಾದ ಗ್ಲೋಬಲ್ ಎಕ್ಸ್‌ಪ್ಲೋರರ್ ಎಂಬ ಸಾರ್ವಜನಿಕ ಯೋಜನೆ ಈ ಕಾರಣಕ್ಕೇ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ಅಕ್ಷಾಂಶ ರೇಖಾಂಶ ಯಾವುದೂ ಇಲ್ಲದೆ ಸ್ವಯಂಸೇವಕರಿಗೆ ತೋರಿಸುತ್ತಿತ್ತು. ನೋಡುವವರಿಗೆ ತಾವು ಎಲ್ಲಿ ನೋಡುತ್ತಿದ್ದೇವೆಂದೇ ತಿಳಿಯುತ್ತಿರಲಿಲ್ಲ.

ಎರಡನೆಯದು, ಪುರಾತತ್ತ್ವ ಇಲಾಖೆಗೆ ಬರೆಯುವುದು. ದಿಬ್ಬ ಮೊದಲೇ ದಾಖಲಾಗಿರುವುದು ನಿಮ್ಮ ಅದೃಷ್ಟ, ಅದಕ್ಕೆ ಕಡತ ಇರುತ್ತದೆ. ಇಲ್ಲಿನ ಅಪಾಯ ವಿಳಂಬ. ಅಸ್ಪಷ್ಟ ದೂರು ಮೇಜಿನ ಮೇಲೇ ಕೂರುತ್ತದೆ. ಆದ್ದರಿಂದ ‘ಲೂಟಿ ನಡೆಯುತ್ತಿದೆ’ ಎಂದು ಬರೆಯದೆ ‘ಇಂಥ ದಿನಾಂಕದ ಚಿತ್ರದಲ್ಲಿ ಇಲ್ಲದ ಇಷ್ಟು ಗುಂಡಿಗಳಂಥ ಗುರುತುಗಳು ಇಂಥ ದಿನಾಂಕದ ಚಿತ್ರದಲ್ಲಿವೆ, ಪೂರ್ವದ ಅಂಚು ಇಷ್ಟು ಮೀಟರ್ ಹಿಂದೆ ಸರಿದಿದೆ’ ಎಂದು ಬರೆಯಿರಿ. ಒಂದೇ ಅಳತೆಯಲ್ಲಿ ಕತ್ತರಿಸಿದ ಎರಡು ಚಿತ್ರ ಲಗತ್ತಿಸಿ. ದಿನಾಂಕ ತೆಗೆದುಕೊಳ್ಳುವಾಗ ಎಚ್ಚರ: ತಂತ್ರಾಂಶದ ಕಾಲಪಟ್ಟಿಯಲ್ಲಿ ಕಾಣುವ ದಿನಾಂಕ ಕೆಲವೊಮ್ಮೆ ಪಕ್ಕದ ತುಣುಕಿನದ್ದಾಗಿರುತ್ತದೆ, ಏಕೆಂದರೆ ಪರದೆಯ ಮೇಲಿರುವುದು ಬೇರೆ ಬೇರೆ ದಿನಗಳ ಚಿತ್ರಗಳನ್ನು ಹೊಲಿದ ನಕ್ಷೆ. ಗುಂಡಿ ಎಂದು ಖಚಿತವಾಗದಿದ್ದರೆ ‘ಗುಂಡಿಯಂಥ’ ಎಂದೇ ಬರೆಯಿರಿ. ಯಾರ ಮೇಲೂ ಹೆಸರು ಹಿಡಿದು ಆರೋಪ ಬೇಡ. ಪತ್ರಕ್ಕೆ ಸ್ವೀಕೃತಿ ಪಡೆಯಿರಿ. ಚೌಕವನ್ನು ಮೊದಲು ಗುರುತಿಸಿದವರು ಯಾರು ಎಂಬ ನಿಮ್ಮ ಆಸೆಗೂ ಆ ಸ್ವೀಕೃತಿಯ ದಿನಾಂಕವೇ ಸಾಕ್ಷಿ, ಫೇಸ್‌ಬುಕ್‌ಗಿಂತ ಅದು ಗಟ್ಟಿ.

ಮೂರನೆಯದು, ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗದವರನ್ನು ಜೊತೆಗೆ ಸೇರಿಸಿಕೊಳ್ಳುವುದು. ಚೌಕದ ವಿಚಾರಕ್ಕೆ ಇದೇ ಸರಿಯಾದ ಬಾಗಿಲು. ಅವರ ಸಹಿ ಇದ್ದರೆ ಇಲಾಖೆಗೆ ಬರೆದ ಪತ್ರಕ್ಕೂ ತೂಕ ಬರುತ್ತದೆ. ಅವರಿಗೆ ಸಮಯವಿಲ್ಲದೆ ಹೋಗಬಹುದು, ಅಷ್ಟೇ.

ನೀವೇ ಜಾಗಕ್ಕೆ ಹೋಗಿ ನೋಡುವುದಕ್ಕೆ ನನ್ನ ಸಮ್ಮತಿ ಅರ್ಧ. ಹಗಲಿನಲ್ಲಿ, ಒಡೆಯರ ಅನುಮತಿ ಪಡೆದು, ದೂರದಿಂದ ಫೋಟೊ ತೆಗೆಯಬಹುದು. ಏನನ್ನೂ ಎತ್ತಿಕೊಂಡು ಬರಬೇಡಿ. ಚೂರು ಬಿದ್ದಿದ್ದ ಜಾಗ ತಪ್ಪಿದರೆ ಅದರ ಸಾಕ್ಷ್ಯದ ಬೆಲೆಯೂ ಹೋಯಿತು, ಬಹುತೇಕ ದೇಶಗಳಲ್ಲಿ ಅದು ಅಪರಾಧವೂ ಹೌದು. ಗುಂಡಿಗಳು ಹೊಸದಾಗಿದ್ದರೆ ಒಂಟಿಯಾಗಿ ಹೋಗಲೇಬೇಡಿ. ಅಗೆಯುವವರು ನಿಮ್ಮನ್ನು ಇತಿಹಾಸಪ್ರಿಯರೆಂದು ಭಾವಿಸುವುದಿಲ್ಲ.

ಉಪಗ್ರಹಗಳು ದಿನವೂ ಹಾದುಹೋದರೂ ಹಾನಿ ತಡೆಯುವುದಿಲ್ಲವೇಕೆ ಎಂದು ಕೇಳಿದ್ದೀರಿ. ಪದೇ ಪದೇ ನೋಡುವ ಉಪಗ್ರಹಕ್ಕೆ ಸೂಕ್ಷ್ಮ ವಿವರ ಕಾಣುವುದಿಲ್ಲ, ಸೂಕ್ಷ್ಮವಾಗಿ ನೋಡುವ ಉಪಗ್ರಹ ಕೇಳಿದಾಗ ಮಾತ್ರ ನೋಡುತ್ತದೆ, ಅದೂ ಹಣಕ್ಕೆ. ಯುರೋಪಿನದೇ ಆದ, ಕ್ಯಾಮೆರಾ ಹೊತ್ತ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ ಬರುತ್ತದೆ, ಚಿತ್ರ ಉಚಿತ, ಆದರೆ ಅದರ ಒಂದು ಪಿಕ್ಸೆಲ್ ಎಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ. ಎರಡು ಮೀಟರ್ ಗುಂಡಿ ಅದರಲ್ಲಿ ಕರಗಿಹೋಗುತ್ತದೆ. ವರ್ಲ್ಡ್‌ವ್ಯೂ-3ರಂಥ ವಾಣಿಜ್ಯ ಉಪಗ್ರಹ 31 ಸೆಂಟಿಮೀಟರ್ ವಿವರ ತೋರಿಸುತ್ತದೆ, ಆದರೆ ನಿಮ್ಮ ದಿಬ್ಬದ ಕಡೆ ಕ್ಯಾಮೆರಾ ತಿರುಗಿಸಿ ಎಂದು ಯಾರಾದರೂ ಹೇಳಬೇಕು. ಜಗತ್ತು ನೋಡುತ್ತಿದ್ದ ಕಡೆ ಇದು ವೇಗವಾಗಿ ನಡೆಯುತ್ತದೆ: 2015ರ ಆಗಸ್ಟ್ 30ರಂದು ಸಿರಿಯಾದ ಪ್ರಾಚೀನ ನಗರ ಪಾಲ್ಮೈರಾದ ಬೆಲ್ ದೇಗುಲವನ್ನು ಐಸಿಸ್‌ನವರು ಸ್ಫೋಟಿಸಿದರು, ಮರುದಿನದ ಚಿತ್ರ ನೋಡಿಯೇ ವಿಶ್ವಸಂಸ್ಥೆಯ ಯುನೋಸ್ಯಾಟ್ ಅದನ್ನು ದೃಢಪಡಿಸಿತು. ಯಾರೂ ನೋಡದಿದ್ದ ಕಡೆ ನಡೆದದ್ದೇ ಬೇರೆ. ಇರಾಕಿನ ಮೊಸುಲ್ ಬಳಿಯ ಸಂತ ಎಲಿಜಾ ಮಠ 2014ರಲ್ಲೇ ನೆಲಸಮವಾಗಿತ್ತು. ಚಿತ್ರಗಳು ಭಂಡಾರದಲ್ಲಿದ್ದವು, ಹೊರಜಗತ್ತಿಗೆ ಗೊತ್ತಾದದ್ದು 2016ರ ಜನವರಿಯಲ್ಲಿ. ಪಾಲ್ಮೈರಾದಲ್ಲೂ ಚಿತ್ರ ದೇಗುಲವನ್ನು ಉಳಿಸಲಿಲ್ಲ ಎಂಬುದನ್ನು ಗಮನಿಸಿ. ತಡೆಯುವುದು ನೆಲದ ಮೇಲಿರುವ ಕಾವಲುಗಾರ, ಪೊಲೀಸ್, ಊರಿನ ಜನ. ಚಿತ್ರ ಕೊಡುವುದು ಎಲ್ಲಿಗೆ ಹೋಗಬೇಕೆಂಬ ಸುಳಿವನ್ನು, ಆಮೇಲೆ ನ್ಯಾಯಾಲಯಕ್ಕೆ ಬೇಕಾದ ಪುರಾವೆಯನ್ನು. ಆಫ್ರಿಕಾದ ಮಾಲಿ ದೇಶದ ಟಿಂಬಕ್ಟುವಿನ ಸಮಾಧಿಗಳನ್ನು ಕೆಡವಿದ ಅಹ್ಮದ್ ಅಲ್ ಮಹ್ದಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಶಿಕ್ಷೆ ವಿಧಿಸಿದ ಪ್ರಕರಣದಲ್ಲಿ ಉಪಗ್ರಹ ಚಿತ್ರಗಳೂ ಸಾಕ್ಷ್ಯವಾಗಿದ್ದವು.

ಪತ್ರ ಕಳುಹಿಸಿದ ಮೇಲೆ ನೀವು ಮಾಡಬಹುದಾದ ಕೆಲಸ ಒಂದಿದೆ. ಗುಂಡಿ ಕಾಣದಿದ್ದರೂ, ಜೆಸಿಬಿ ತಿಂದ ಅಂಚು ಹತ್ತಾರು ಮೀಟರ್ ಸರಿದರೆ ಸೆಂಟಿನೆಲ್-2ರಲ್ಲಿ ಕಾಣುತ್ತದೆ. ಕೋಪರ್ನಿಕಸ್ ಬ್ರೌಸರ್ ಎಂಬ ಉಚಿತ ತಾಣದಲ್ಲಿ ದಿಬ್ಬದ ಸುತ್ತ ಒಂದು ಚೌಕಟ್ಟು ಗುರುತಿಸಿಟ್ಟುಕೊಂಡು ತಿಂಗಳಿಗೊಮ್ಮೆ ಮೋಡವಿಲ್ಲದ ಚಿತ್ರ ತೆರೆಯಿರಿ. ಸಾಮಾನ್ಯ ಬಣ್ಣದ ಜೊತೆಗೆ ಅತಿಗೆಂಪು ಬಣ್ಣದ ಆಯ್ಕೆಯಲ್ಲೂ ನೋಡಿ. ಅದರಲ್ಲಿ ಪೈರು ಕೆಂಪಾಗಿ, ಹೊಸದಾಗಿ ಬಗೆದ ಬರಿ ಮಣ್ಣು ತಿಳಿ ನೀಲಿ ಅಥವಾ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಅಂಚು ಮತ್ತೆ ಸರಿದಿದ್ದರೆ ಮೊದಲ ಪತ್ರದ ಸಂಖ್ಯೆ ನಮೂದಿಸಿ ಎರಡನೆಯದನ್ನು ಅಂದೇ ಬರೆಯಿರಿ. ಮಳೆಗಾಲದಲ್ಲಿ ಮೋಡದಿಂದಾಗಿ ವಾರಗಟ್ಟಲೆ ಏನೂ ಕಾಣದಿರಬಹುದು. ಆಗ ಸೆಂಟಿನೆಲ್-1 ರೇಡಾರ್ ಚಿತ್ರ ಒರಟಾಗಿಯಾದರೂ ನೆರವಾಗುತ್ತದೆ, ಮೋಡ ಅದಕ್ಕೆ ಅಡ್ಡಿಯಲ್ಲ.